ಕಂಟ್ರೋಲ್ ತಪ್ಪುವ ಬೆರಳುಗಳು

ನಿಮ್ಮ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಎಫ್5 ಅಂತ ಒಂದು ಕೀಲಿ ಇದೆಯಲ್ಲ, ಅದನ್ನು ಒತ್ತಿದರೆ ಏನಾಗುತ್ತದೆ ಹೇಳಿ ನೋಡೋಣ? ಬ್ರೌಸರಿನಲ್ಲಿದ್ದರೆ ಪುಟ ಮತ್ತೊಮ್ಮೆ ಹೊಸದಾಗಿ ಬರುತ್ತದೆ. ಎಕ್ಸೆಲ್‌ನಲ್ಲಿದ್ದರೆ ಯಾವ ಕೋಣೆಗೆ ಹೋಗಬೇಕು ಎಂದು ಕೇಳುತ್ತದೆ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ಶುರು. ನೋಟ್‌ಪ್ಯಾಡ್‌ನಲ್ಲಿ ಇವತ್ತಿನ ತಾರೀಕು, ಗಂಟೆ ಬಂದು ಕೂರುತ್ತವೆ. ಟ್ಯಾಲಿಯಲ್ಲಿ ಪೇಮೆಂಟ್ ವೋಚರ್ ತೆರೆಯುತ್ತದೆ. ಕೀಲಿ ಒಂದೇ, ಮನೆ ಐದು, ಕೆಲಸವೂ ಐದು!

ಗಾರ್ಡನ್ ರೀಚ್ ಕಡೆಯ ಬ್ಯಾಂಕ್ ಶಾಖೆಯಲ್ಲಿ ಕೂತವರಿಗೆ ಈ ಐದೂ ಮನೆಗಳ ನೆಂಟಸ್ತನ ತಪ್ಪಿದ್ದಲ್ಲ. ಇಲ್ಲಿ ಆಗ್ನೇಯ ರೈಲ್ವೆಯ ಕೇಂದ್ರ ಕಚೇರಿ ಇದೆ. ನೌಕಾಪಡೆಗೆ ಯುದ್ಧನೌಕೆ ಕಟ್ಟುವ ಗಾರ್ಡನ್ ರೀಚ್ ಶಿಪ್‌ಬಿಲ್ಡರ್ಸ್ ಇದೆ. ಪಕ್ಕದಲ್ಲೇ ಮೆಟಿಯಾಬ್ರೂಜ್. 1856ರಲ್ಲಿ ರಾಜ್ಯ ಕಳೆದುಕೊಂಡು ಬಂದ ಅವಧದ ನವಾಬ ವಾಜಿದ್ ಅಲಿ ಶಾ ನೆಲೆಸಿದ ಊರು. ಈಗ ಅಲ್ಲಿ ಮನೆಮನೆಯಲ್ಲೂ ಹೊಲಿಗೆ ಯಂತ್ರದ ಸದ್ದು. ಒಸ್ತಾಗರ್ ಎಂದು ಕರೆಸಿಕೊಳ್ಳುವ ಅಲ್ಲಿನ ದರ್ಜಿ ಯಜಮಾನರ ಲೆಕ್ಕವೂ ಕೆಂಪು ಬಟ್ಟೆಯ ಖಾತಾ ಪುಸ್ತಕದಿಂದ ಟ್ಯಾಲಿಗೆ ಬಂದಿದೆ. ಟ್ಯಾಲಿ 1986ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಕಂಪನಿಯದು. ನನ್ನ ಹಾಗೇ ವಲಸೆ ಬಂದ ಪ್ರಾಣಿ!

ಟ್ಯಾಲಿಯಲ್ಲಿ ಪಳಗಿದ ಹುಡುಗನಿಗೆ ಕಂಟ್ರೋಲ್ ಎ ಅಂದರೆ "ಸರಿ, ಇದನ್ನು ಒಪ್ಪಿಕೋ" ಎಂದರ್ಥ. ವೋಚರ್ ಸೇವ್ ಆಯಿತು, ಮುಂದಕ್ಕೆ ನಡಿ. ಅದೇ ಹುಡುಗ ವರ್ಡ್‌ನಲ್ಲಿ ಒಂದು ಕಾಗದ ಬರೆದು, ಅಭ್ಯಾಸಬಲದಿಂದ ಕಂಟ್ರೋಲ್ ಎ ಒತ್ತಿದರೆ ಇಡೀ ಕಾಗದಕ್ಕೆ ಬಣ್ಣ ಬಳಿದುಕೊಳ್ಳುತ್ತದೆ. ಆಮೇಲೆ ಯಾವುದಾದರೂ ಒಂದು ಅಕ್ಷರಕ್ಕೆ ಕೈ ತಗುಲಿತೋ, ಕಾಗದ ಮಾಯ, ಉಳಿದದ್ದು ಆ ಒಂದು ಅಕ್ಷರ. ಪದ ಹುಡುಕಲು ಎಲ್ಲ ಕಡೆ ಕಂಟ್ರೋಲ್ ಎಫ್ ಅಲ್ಲವೇ? ಔಟ್‌ಲುಕ್‌ನಲ್ಲಿ ಅದನ್ನೇ ಒತ್ತಿ ನೋಡಿ. ಹುಡುಕುವುದಿಲ್ಲ, ಆ ಮೇಲ್ ಅನ್ನು ಬೇರೆಯವರಿಗೆ ಕಳಿಸಲು ಸಿದ್ಧವಾಗಿ ನಿಲ್ಲುತ್ತದೆ. ಗ್ರಾಹಕರ ಖಾತೆಯ ವಿವರ ಇರುವ ಮೇಲ್ ಆದರೆ ಎದೆ ಧಸಕ್ಕೆನ್ನುತ್ತದೆ.

ಇದು ಹೊಸ ರೋಗವೇನಲ್ಲ. ವರ್ಡ್‌ಸ್ಟಾರ್ ಕಾಲದವರಿಗೆ ನೆನಪಿರಬಹುದು, ಅಲ್ಲಿ ಕಂಟ್ರೋಲ್ ವೈ ಒತ್ತಿದರೆ ಇಡೀ ಸಾಲು ಅಳಿಸಿಹೋಗುತ್ತಿತ್ತು. ಇಂದಿನ ವರ್ಡ್‌ನಲ್ಲಿ ಅದೇ ಕೀಲಿ ರದ್ದು ಮಾಡಿದ್ದನ್ನು ಮತ್ತೆ ತರುತ್ತದೆ. ವರ್ಡ್‌ಪರ್ಫೆಕ್ಟ್‌ನಲ್ಲಿ ಸಹಾಯ ಬೇಕಿದ್ದರೆ ಎಫ್3, ಬೇರೆ ಕಡೆ ಎಫ್1. ಯುನಿಕ್ಸ್ ಟರ್ಮಿನಲ್ ಮುಂದೆ ಕೂತವರ ಪಾಡು ಇನ್ನೂ ಮಜಾ. ಕಂಟ್ರೋಲ್ ಎಸ್ ಒತ್ತಿದರೆ ಸೇವ್ ಆಗುವುದಿಲ್ಲ, ಪರದೆ ಅಲ್ಲೇ ನಿಂತುಬಿಡುತ್ತದೆ. ಕಂಟ್ರೋಲ್ ಕ್ಯೂ ಒತ್ತಿದರೆ ಮತ್ತೆ ಓಡುತ್ತದೆ. ಗೊತ್ತಿಲ್ಲದವರು "ಸಿಸ್ಟಮ್ ಹ್ಯಾಂಗ್" ಎಂದು ಎದ್ದು ಚಹಾ ಕುಡಿಯಲು ಹೋಗುತ್ತಾರೆ.

ಇದನ್ನು ಸರಿಪಡಿಸಲು ಯಾರೂ ನೋಡಲಿಲ್ಲವೇ ಅಂದರೆ, ನೋಡಿದ್ದರು. ಐಬಿಎಂ ಕಂಪನಿ 1987ರಲ್ಲಿ ಎಲ್ಲ ತಂತ್ರಾಂಶಗಳಿಗೂ ಒಂದೇ ನಡವಳಿಕೆ ಇರಲಿ ಎಂದು ನಿಯಮಾವಳಿ ಹೊರಡಿಸಿತು. ನಾವು ಒತ್ತುವ ಆಲ್ಟ್ ಎಫ್4 ಅಲ್ಲಿಯದು. ಆ್ಯಪಲ್‌ನವರು ಮ್ಯಾಕಿಂಟಾಷ್‌ನಲ್ಲಿ (1984) ಜೆಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಕೀಲಿ ಕೊಟ್ಟರು. ಅವನ್ನು ಎಲ್ಲರೂ ಹೆಚ್ಚುಕಮ್ಮಿ ಒಪ್ಪಿದ್ದಾರೆ. ಕಟ್ ಅಂಡ್ ಪೇಸ್ಟ್ ಪದ್ಧತಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಕಾರಿನ ನಂಬರ್ ಪ್ಲೇಟ್ ಮೇಲೆ "ನೋ ಮೋಡ್ಸ್" ಎಂದೇ ಇತ್ತಂತೆ. ಒಂದೇ ಕೀಲಿ ಈಗೊಂದು ಅರ್ಥ, ಆಮೇಲೊಂದು ಅರ್ಥ ಕೊಡಬಾರದು ಎಂಬುದು ಅವರ ಜೀವನದ ಹಟ.

ಮಾತಿನಲ್ಲಾದರೆ ಈ ತೊಂದರೆ ಇಲ್ಲ ನೋಡಿ. ಬಂಗಾಳಿಯಲ್ಲಿ "ಕಾಲ್" ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ನಮಗೋ ಅದು ಕಾಲು. ಆದರೂ ಮೀನಿನ ಅಂಗಡಿಯಲ್ಲಿ ಯಾವ ಕನ್ನಡಿಗನೂ ತನ್ನ ಕಾಲು ನೋಡಿಕೊಳ್ಳುವುದಿಲ್ಲ. ಎದುರಿಗಿರುವ ಮುಖ ನೋಡಿದ ಕೂಡಲೇ ನಾವು ಯಾರ ಮನೆಯಲ್ಲಿದ್ದೇವೆ ಎಂದು ಗೊತ್ತಾಗುತ್ತದೆ. ಪರದೆಗೆ ಮುಖ ಇಲ್ಲ. ನಾಲ್ಕು ಕಿಟಕಿ ಒಟ್ಟಿಗೆ ತೆರೆದಿಟ್ಟಾಗ ಕಣ್ಣಿಗಿಂತ ಮೊದಲು ಬೆರಳು ಹೊರಟುಬಿಡುತ್ತದೆ.

ನಾನು ಹೇಳಬೇಕೆಂದಿದ್ದ ಮಾತು ಇದು. ತಪ್ಪು ಕೀಲಿ ಒತ್ತಿದವರನ್ನು "ಮರೆವು ಜಾಸ್ತಿ, ಕಂಪ್ಯೂಟರ್ ತಲೆಗೆ ಹತ್ತುವುದಿಲ್ಲ" ಎನ್ನುತ್ತೇವೆ. ನಿಜವಾಗಿ ಅದು ಮರೆವಲ್ಲ, ನೆನಪು. ಒಂದು ಕೆಲಸವನ್ನು ಸಾವಿರಾರು ಸಲ ಸರಿಯಾಗಿ ಮಾಡಿದ ಬೆರಳು ಮಾತ್ರ ಇನ್ನೊಂದು ಕಡೆ ಆ ತಪ್ಪು ಮಾಡಲು ಸಾಧ್ಯ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಹಿರಿಯ ಗುಮಾಸ್ತರಿದ್ದರು. ಲೆಡ್ಜರ್ ಪುಟದ ಮೇಲೆ ಬೆರಳು ಇಳಿಸುತ್ತಾ ಹೋದರೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊತ್ತ ಬಾಯಲ್ಲಿರುತ್ತಿತ್ತು, ಪೈಸೆ ಸಮೇತ. ಟೈಪ್‌ರೈಟರ್ ಮೇಲೆ ಕಣ್ಣು ಹಾಕದೆ ಬಡಿಯುತ್ತಿದ್ದರು. ಟರ್ಮಿನಲ್ ಬಂತು, ಕೀಲಿಗಳು ಬದಲಾದವು. ಮೂರು ವರ್ಷದಲ್ಲಿ ಪ್ರೋಗ್ರಾಂ ಬದಲಾಗಿ ಮತ್ತೆ ಬೇರೆ ಕೀಲಿ. "ಸ್ಲೋ" ಎಂಬ ಹೆಸರು ಬಂತು. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರಟರಲ್ಲ, ಇವರೂ ಅವರಲ್ಲಿ ಒಬ್ಬರು. ಹೋಗುವಾಗ, "ನನ್ನ ಬುದ್ಧಿ ಮಂಕಾಯಿತಪ್ಪ" ಎಂದರು. ಆ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಕೀಲಿ ಬದಲಾದರೆ ಎಷ್ಟು ನಷ್ಟ ಎಂಬುದು ದೊಡ್ಡವರಿಗೆ ಗೊತ್ತಿಲ್ಲ ಅಂತಲ್ಲ. 2020ರ ಏಪ್ರಿಲ್ 1ರಂದು ಬ್ಯಾಂಕುಗಳು ವಿಲೀನವಾದವಲ್ಲ, ಸಿಂಡಿಕೇಟ್ ಕೆನರಾಗೆ, ಇಲ್ಲಿಯ ಯುನೈಟೆಡ್ ಬ್ಯಾಂಕ್ ಪಂಜಾಬ್ ನ್ಯಾಷನಲ್‌ಗೆ, ಅಲಹಾಬಾದ್ ಇಂಡಿಯನ್ ಬ್ಯಾಂಕಿಗೆ. ಇವುಗಳಲ್ಲಿ ಮೊದಲ ಎರಡು ಜೋಡಿಗಳನ್ನು 2019ರ ಆಗಸ್ಟ್‌ನಲ್ಲಿ ಘೋಷಿಸುವಾಗ ಎರಡೂ ಕಡೆ ಒಂದೇ ಕೋರ್ ಬ್ಯಾಂಕಿಂಗ್ ತಂತ್ರಾಂಶ ಇದೆ ಎಂಬುದನ್ನು ಒಂದು ಅನುಕೂಲವಾಗಿ ಹೇಳಿದ್ದರು. ಜಾತಕ ನೋಡಿದ ಹಾಗೆ! ಬ್ಯಾಂಕಿಗೆ ಜಾತಕ ನೋಡುತ್ತಾರೆ, ಗುಮಾಸ್ತನ ಬೆರಳಿಗೆ ಯಾರು ನೋಡುತ್ತಾರೆ?

ಇನ್ನು ನಮ್ಮ ಕನ್ನಡದ ಕಥೆ. ಹೊರನಾಡಿನಲ್ಲಿ ಕೂತು ರಾತ್ರಿ ಹೊತ್ತು ನಾಲ್ಕು ಸಾಲು ಕನ್ನಡ ಕುಟ್ಟುವವರಿಗೆ ಇದು ಗೊತ್ತೇ ಇದೆ. "ಕನ್ನಡ" ಎಂದು ಬರೆಯಲು ಕೆ.ಪಿ. ರಾವ್ ವಿನ್ಯಾಸದ ನುಡಿ ಕೀಲಿಮಣೆಯಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ. ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ವಿ, ಡಿ, ವಿ, ಚೌಕ ಆವರಣ. 1998ರಲ್ಲಿ ಬಂದ ಬರಹದಲ್ಲಿ ಇಂಗ್ಲಿಷ್ ಕಾಗುಣಿತದಂತೆ ಉದ್ದಕ್ಕೆ ಬರೆದು, ಡ ಬಂದಾಗ ಶಿಫ್ಟ್ ಒತ್ತಬೇಕು. ನುಡಿಯಲ್ಲಿ ಎಫ್ ಎರಡು ಅಕ್ಷರಗಳನ್ನು ಕೂಡಿಸಿ ಒತ್ತು ಕೊಡುತ್ತದೆ, ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ ಎಫ್ ಗುಡಿಸು. ಹೀಗಾಗಿ ನುಡಿಯ ಅಭ್ಯಾಸದವರು ಅಲ್ಲಿ ಅಮ್ಮನ "ಮ್ಮ" ಬರೆಯಹೋದರೆ "ಸಿಸ" ಆಗುತ್ತದೆ.

ಆದರೆ ಇನ್‌ಸ್ಕ್ರಿಪ್ಟ್‌ನಲ್ಲಿ ಒಂದು ಚೆಂದ ಇದೆ. ಭಾರತದ ಭಾಷೆಗಳಿಗೆಲ್ಲ ಒಂದೇ ಜಾಗದಲ್ಲಿ ಒಂದೇ ಅಕ್ಷರ. ಕೆ, ಎನ್, ಕೆ, ಇ, ಎಲ್, ಇ ಎಂದು ಬಂಗಾಳಿಯಲ್ಲಿ ಒತ್ತಿದರೆ ಕಲಕಾತಾ. ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಅದೇ ಆರು ಕೀಲಿ ಒತ್ತಿ, ಕನ್ನಡ ಲಿಪಿಯಲ್ಲೂ ಕಲಕಾತಾ! ಇದನ್ನು ನಮ್ಮ ಕೌಂಟರಿನ ಬಂಗಾಳಿ ಹುಡುಗಿಗೆ ತೋರಿಸಿದಾಗ ಅವಳು ತನ್ನ ಹೆಸರನ್ನು ಕನ್ನಡದಲ್ಲಿ ತಾನೇ ಒತ್ತಿ ನೋಡಿ ಖುಷಿಪಟ್ಟಳು. ಯಾರಾದರೂ ಕೂತು ಯೋಚಿಸಿದರೆ ಹೊಂದಾಣಿಕೆ ಸಾಧ್ಯ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಅಲ್ಲಿಯವರೆಗೆ ನಮ್ಮ ಶಾಖೆಗಳಲ್ಲಿ ಒಂದು ಹಳೆಯ ಮದ್ದಿದೆ: ಮಾನಿಟರಿನ ಕೆಳಗೆ ಅಂಟಿಸಿದ ಚೀಟಿ. ಯಾವ ಪ್ರೋಗ್ರಾಂನಲ್ಲಿ ಯಾವ ಕೀಲಿ ಎಂದು ಕೈಬರಹದಲ್ಲಿ, ಬಂಗಾಳಿ ಮತ್ತು ಇಂಗ್ಲಿಷ್ ಬೆರೆಸಿ ಬರೆದದ್ದು. ತಪಾಸಣೆಗೆ ಬರುವವರು ಕಿತ್ತುಹಾಕಿ ಎನ್ನುತ್ತಾರೆ, ಅಂದಗೆಡುತ್ತದಂತೆ. ಪಾಸ್‌ವರ್ಡ್ ಬರೆದಿದ್ದರೆ ಖಂಡಿತ ಕಿತ್ತುಹಾಕಿ. ಬರೀ ಕೀಲಿಗಳಿದ್ದರೆ ಇರಲಿ ಬಿಡಿ. ಮನೆಯಲ್ಲಿ ಅಪ್ಪನಿಗೋ ಅತ್ತೆಗೋ ಕಂಪ್ಯೂಟರ್ ಕಲಿಸುತ್ತಿದ್ದರೆ ನೀವೂ ಒಂದು ಚೀಟಿ ಬರೆದು ಅಂಟಿಸಿ. ಕಂಟ್ರೋಲ್ ಜೆಡ್ ಅನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಅವರು ತಪ್ಪು ಕೀಲಿ ಒತ್ತಿದಾಗ "ಎಷ್ಟು ಸಲ ಹೇಳಬೇಕು?" ಎನ್ನುವ ಮುಂಚೆ, ಈ ಬೆರಳು ಇದನ್ನು ಎಲ್ಲಿ ಕಲಿತು ಬಂತು ಎಂದು ಕೇಳಿ ನೋಡಿ.