ಮನಸ್ಸಿನಲ್ಲಿತ್ತು

ಸಂಗೀತದ ವಿಷಯದಲ್ಲಿ ನಾನು ಕೇಳುವವರ ಗುಂಪಿನವನೇ ಹೊರತು ತಿಳಿದವರ ಗುಂಪಿನವನಲ್ಲ. ಅಮೆರಿಕದ ‘ಕಂಟ್ರಿ’ ಹಾಡುಗಳೆಂದರಂತೂ, ಗಿಟಾರು ಹಿಡಿದು ಮೂಗಿನಲ್ಲಿ ಅಳುವುದು ಎಂದಷ್ಟೇ ಭಾವಿಸಿದ್ದೆ. ಇಂಥ ನನ್ನನ್ನು ಈಚೆಗೆ ಅಲ್ಲಿಯ ಒಂದು ಹಾಡು ವಾರವಿಡೀ ಕಾಡಿತು. ಉತ್ತರ ಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ಕುಳಿತಿದ್ದಾಗ ಮಗಳು ತನ್ನ ಮೊಬೈಲಿನಲ್ಲಿ ಹಾಕಿದ ಹಾಡು ಅದು. ಹೆಸರು ‘ಆಲ್ವೇಸ್ ಆನ್ ಮೈ ಮೈಂಡ್’. ಪ್ರೀತಿಸಿದವಳಿಗೆ ಸಲ್ಲಿಸಬೇಕಾದುದನ್ನು ಸಲ್ಲಿಸಲಿಲ್ಲ, ಆದರೆ ಸದಾ ಅವಳೇ ಮನಸ್ಸಿನಲ್ಲಿದ್ದಳು ಎಂಬುದು ತಾತ್ಪರ್ಯ. “ಮನಸ್ಸಿನಲ್ಲಿತ್ತು, ಆಗಲಿಲ್ಲ” ಎಂದು ನಾವು ಹೇಳಿ ಪಾರಾಗುತ್ತೇವಲ್ಲ, ಅದೇ.

ಹಾಡು ಹುಟ್ಟಿದ್ದೂ ಹಾಗೆಯೇ. ವೇಯ್ನ್ ಕಾರ್ಸನ್ ಎಂಬಾತ ಹಾಡಿನ ಕೆಲಸಕ್ಕೆಂದು ಮೆಂಫಿಸ್ ನಗರಕ್ಕೆ ಹೋದವನು, ಹೇಳಿದ ದಿನಕ್ಕೆ ಮನೆಗೆ ಹಿಂದಿರುಗಲಿಲ್ಲ. ಹೆಂಡತಿ ಫೋನಿನಲ್ಲಿ ಸಿಡುಕಿದಳು. ಅವಳ ಸಮಾಧಾನಕ್ಕೆಂದು ಆಡಿದ ಮಾತೇ ಹಾಡಿನ ಬೀಜವಾಯಿತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಮುದ್ರಣಶಾಲೆಯ ಯಜಮಾನ ಚಿಪ್ಸ್ ಮೋಮನ್ ಹಾಡು ಕೇಳಿ, ನಡುವೆ ಇನ್ನೊಂದು ತುಣುಕು ಬೇಕೆಂದ. ಜಾನಿ ಕ್ರಿಸ್ಟೊಫರ್, ಮಾರ್ಕ್ ಜೇಮ್ಸ್ ಇಬ್ಬರೂ ಕೈಹಚ್ಚಿದರು. ಒಂದು ತಪ್ಪೊಪ್ಪಿಗೆಗೆ ಮೂವರು ಗಂಡಸರು ಬೇಕಾದರು!

1970ರಲ್ಲಿ ಬಿ. ಜೆ. ಥಾಮಸ್ ಇದನ್ನು ಹಾಡಿದ. ಆ ಮುದ್ರಿಕೆ ಆಗ ಹೊರಬರಲಿಲ್ಲ. 1972ರಲ್ಲಿ ಗ್ವೆನ್ ಮೆಕ್ರೇ, ಬ್ರೆಂಡಾ ಲೀ ಎಂಬ ಇಬ್ಬರು ಗಾಯಕಿಯರು ಹಾಡಿದರು. ಮರೆತವರು ಗಂಡಸರೇ ಆಗಬೇಕೆಂದಿಲ್ಲ ಎಂದು ನನಗೆ ತುಸು ಧೈರ್ಯ ಬಂತು.

ಅದೇ ವರ್ಷ ಮಾರ್ಚ್ 29ರಂದು ಹಾಡಿದವನು ಎಲ್ವಿಸ್ ಪ್ರೀಸ್ಲಿ. ಆತನೂ ಹೆಂಡತಿ ಪ್ರಿಸಿಲ್ಲಳೂ ಬೇರೆಯಾಗಿ ಆಗಿನ್ನೂ ಕೆಲವೇ ವಾರ. ಅಮೆರಿಕದಲ್ಲಿ ಅದು ‘ಸೆಪರೇಟ್ ವೇಸ್’ ಎಂಬ ಹಾಡಿನ ತಟ್ಟೆಯ ಹಿಂಬದಿಯಲ್ಲಿ ಬಂತು: ಒಂದು ಮಗ್ಗುಲಲ್ಲಿ ಅಗಲಿಕೆ, ಇನ್ನೊಂದರಲ್ಲಿ ಪಶ್ಚಾತ್ತಾಪ. ಆ ದನಿಯಲ್ಲಿ ಬಾಗಿಲು ಮುಚ್ಚಿಹೋದ ಮೇಲೆ ಕದ ತಟ್ಟುವವನ ಆತುರ ನನಗೆ ಕೇಳಿಸುತ್ತದೆ.

ಹತ್ತು ವರ್ಷದ ಮೇಲೆ, 1982ರಲ್ಲಿ, ವಿಲ್ಲಿ ನೆಲ್ಸನ್ ಹಾಡಿದ. ಹಾಡಿಸಿದವನು, ನಡುವೆ ತುಣುಕು ಕೇಳಿದ್ದ ಆ ಮೋಮನ್ನನೇ. ಮರು ವರ್ಷ ಗ್ರ್ಯಾಮಿಯಲ್ಲಿ ಅದು ‘ವರ್ಷದ ಹಾಡು’ ಎನಿಸಿತು. ನೆಲ್ಸನ್ನನದು ಹೆಚ್ಚುಕಡಿಮೆ ಮಾತನಾಡುವ ದನಿ, ಅಳು ಇಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ಎದುರಿಗೆ ನೋಡದೆ, ನಿಜ ಹೇಳುವವನ ಹಾಗೆ ಹಾಡುತ್ತಾನೆ. 1987ರಲ್ಲಿ ಇಂಗ್ಲೆಂಡಿನ ಪೆಟ್ ಶಾಪ್ ಬಾಯ್ಸ್ ಇದನ್ನೇ ಕುಣಿತದ ತಾಳಕ್ಕೆ ಕೂರಿಸಿದರು. ಆ ಕ್ರಿಸ್ಮಸ್ಸಿಗೆ ಬ್ರಿಟನ್ನಿನಲ್ಲಿ ಅದೇ ಮೊದಲನೆಯ ಸ್ಥಾನದ ಹಾಡು. ಅದನ್ನು ಕೇಳಿದರೆ, ಕ್ಷಮೆ ಕೇಳುತ್ತಲೇ ಗಡಿಯಾರ ನೋಡುವವನ ನೆನಪಾಗುತ್ತದೆ.

ಪದಗಳು ಅವೇ. ಒಬ್ಬನ ಬಾಯಲ್ಲಿ ದುಃಖ, ಇನ್ನೊಬ್ಬನ ಬಾಯಲ್ಲಿ ವಿವೇಕ, ಮತ್ತೊಬ್ಬನ ಬಾಯಲ್ಲಿ ಬರಿಯ ನೆಪ. ಕಾಕುವಿನಿಂದ ಅರ್ಥ ಬೇರೆಯಾಗುವುದನ್ನು ತರಗತಿಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಇಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ.

ಈ ಹೊಸ ಪಾಂಡಿತ್ಯವನ್ನೆಲ್ಲ ಒಂದು ಸಂಜೆ ನನ್ನಾಕೆಯ ಮುಂದೆ ಬಿಚ್ಚಿದೆ. ಆಕೆ ಸೊಪ್ಪು ಸೋಸುತ್ತ ಪೂರ್ತಿ ಕೇಳಿ, “ಅಷ್ಟು ಜನ ಹಾಡಿದರಲ್ಲ, ಅವಳು ಏನೆಂದಳಂತೆ?” ಎಂದಳು.

ನಾನು ತಡವರಿಸಿದೆ. ಹಾಡಿನಲ್ಲಿ ಅವಳಿಗೆ ಮಾತೇ ಇಲ್ಲ.

“ಮನಸ್ಸಿನಲ್ಲಿದ್ದದ್ದು ಅವಳಿಗೆ ಹೇಗೆ ತಿಳಿಯಬೇಕು?” ಎಂದು ಆಕೆ ಸೊಪ್ಪಿನ ಕಡೆ ತಿರುಗಿದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ನೆಪ ಹೇಳಬಹುದಿತ್ತು. ಕಳೆದ ಬೇಸಿಗೆಯಲ್ಲಿ ಅವಳ ತವರಿಗೆ ಹೋಗಿಬರೋಣ ಎಂದಿದ್ದೆ. ಅದರ ಹಿಂದಿನ ಬೇಸಿಗೆಯಲ್ಲೂ ಎಂದಿದ್ದೆ. ಮೌಲ್ಯಮಾಪನ ಬಂತು, ವಿಚಾರಸಂಕಿರಣ ಬಂತು. ಮನಸ್ಸಿನಲ್ಲೇನೋ ಇತ್ತು. ಈ ವರ್ಷದ ಚಳಿಗಾಲದಲ್ಲಿ ಅವಳ ತಾಯಿ ತೀರಿಕೊಂಡರು.

ಆ ರಾತ್ರಿ ಮಗಳು ಮತ್ತೆ ನೆಲ್ಸನ್ನನನ್ನು ಹಾಕಿದಳು. ನಾನು ಪತ್ರಿಕೆಗಳ ಕಟ್ಟನ್ನು ಪಕ್ಕಕ್ಕಿಟ್ಟು, ಏನಾದರೂ ಹೇಳಬೇಕೆಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಹಾಲಿತ್ತು. “ಸ್ವಲ್ಪ ನೋಡಿಕೊಳ್ಳಿ” ಎಂದು ಆಕೆ ಹಿತ್ತಲಿಗೆ ಹೋದಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತ ನಿಂತೆ. ಹಾಲು ಉಕ್ಕಿತು.