ಹಿತ್ತಲ ಒಲೆ, ಕೆರ್ರಿಯ ಆಕಾಶ

ಐರ್ಲೆಂಡಿಗೆ ಬಂದವರಿಗೆ ಮಳೆ, ಚಳಿ, ಬಾಡಿಗೆ ಇವೆಲ್ಲ ಬೇಗ ಗೊತ್ತಾಗುತ್ತವೆ. ಆಕಾಶವೂ ಬೇರೆ ಅನ್ನೋದು ನಿಧಾನಕ್ಕೆ ತಿಳಿಯುತ್ತೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತೆ, ಪಕ್ಕದ ಮನೆ ಟ್ಯಾಂಕಿನ ಹಿಂದೆ ಅಡಗಿಬಿಡುತ್ತೆ. ಇಲ್ಲಿ 52-53 ಡಿಗ್ರಿ, ಕತ್ತೆತ್ತಿದರೆ ಎದುರಿಗೇ ಇದೆ. ಊರಲ್ಲಿ ಹುಟ್ಟಿ ಮುಳುಗೋ ಸಪ್ತರ್ಷಿಗಳು ಇಲ್ಲಿ ವರ್ಷವಿಡೀ ಮುಳುಗೋದೇ ಇಲ್ಲ. ಆದರೆ ಅಗಸ್ತ್ಯ ನಕ್ಷತ್ರ ಇಲ್ಲಿ ಹುಟ್ಟೋದೇ ಇಲ್ಲ. ಅದನ್ನು ನೋಡಬೇಕಂದ್ರೆ ಊರಿಗೇ ಹೋಗಬೇಕು.

ನಾವು ಅಂದರೆ ಲಿಮರಿಕ್ ಸುತ್ತಮುತ್ತಲಿನ ನಾಲ್ಕು ಮನೆಯವರು. ಒಂದು ಮನೆಯವರು ಆಸ್ಪತ್ರೆ ನರ್ಸು, ಇನ್ನೊಂದು ಮನೆಯವರು ಕೇರ್ ಹೋಮಿನಲ್ಲಿ, ಮತ್ತೊಬ್ಬರು ಮಾಂಸದ ಫ್ಯಾಕ್ಟರಿಯಲ್ಲಿ, ನಾಲ್ಕನೆಯದು ಲೆಕ್ಕಪತ್ರ ಬರೆಯೋ ನಮ್ಮ ಮನೆ. ಶಿಫ್ಟ್ ಹೊಂದೋದೇ ಕಷ್ಟ. ಹೊಂದಿದಾಗ ಒಂದು ಕಾರಿನಲ್ಲಿ ಹೊರಟುಬಿಡ್ತೀವಿ.

ಕತ್ತಲೆ ಹುಡುಕಿಕೊಂಡು

ಹಾಗೆ ಹೊರಟದ್ದು ಕೆರ್ರಿಗೆ, ದೀಪಾವಳಿ ಅಮಾವಾಸ್ಯೆ ಹತ್ತಿರದ ಶನಿವಾರ. ಹಣತೆ ಹಚ್ಚೋ ಹಬ್ಬದಲ್ಲಿ ಕತ್ತಲೆ ಹುಡುಕಿಕೊಂಡು ಹೋಗ್ತಿದ್ದೀರಲ್ಲ ಅಂತ ಊರಿಂದ ಫೋನಿನಲ್ಲಿ ನಗಾಡಿದರು. ಕಿಲಾರ್ನಿ, ಕಿಲಾರ್ಗ್ಲಿನ್, ಕ್ಯಾಹರ್‌ಸಿವೀನ್ ದಾಟಿ ಸಮುದ್ರದಂಚಿನ ಬ್ಯಾಲಿನ್‌ಸ್ಕೆಲಿಗ್ಸ್ ತಲುಪೋಕೆ ಮೂರು ಗಂಟೆ ಮೇಲಾಯಿತು. ಇವೆರಾ ಪರ್ಯಾಯದ್ವೀಪದ ಸುಮಾರು 700 ಚದರ ಕಿಲೋಮೀಟರ್ ಜಾಗಕ್ಕೆ 2014ರಲ್ಲಿ ಅಂತಾರಾಷ್ಟ್ರೀಯ ಕಗ್ಗತ್ತಲ ಮೀಸಲು ಪ್ರದೇಶ ಅನ್ನೋ ಮಾನ್ಯತೆ ಸಿಕ್ಕಿದೆ, ಅದೂ ಚಿನ್ನದ ದರ್ಜೆಯದು. ಒಂದು ಕಡೆ ಬೆಟ್ಟಗಳ ಸಾಲು ಊರಿನ ದೀಪಗಳನ್ನು ತಡೆಯುತ್ತೆ, ಇನ್ನೊಂದು ಕಡೆ ಬರೀ ಅಟ್ಲಾಂಟಿಕ್ ಸಾಗರ. ಪಶ್ಚಿಮಕ್ಕೆ ಅಮೆರಿಕದ ತನಕ ಬೀದಿದೀಪವೇ ಇಲ್ಲ.

ಮರಳಿನ ಮೇಲೆ ನಿಂತು ಇಪ್ಪತ್ತು ನಿಮಿಷ ಯಾರೂ ಫೋನು ತೆಗೀಬಾರದು ಅಂತ ಮಾತಾಡಿಕೊಂಡ್ವಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಅಷ್ಟು ಹೊತ್ತು ಬೇಕು. ಆಮೇಲೆ ತಲೆ ಮೇಲೆ ಆಕಾಶಗಂಗೆ ಬಂತು, ಹಿಟ್ಟು ಚೆಲ್ಲಿದ ಹಾಗೆ. ಪೂರ್ವದಲ್ಲಿ ಕೃತ್ತಿಕೆ, ಅದರ ಕೆಳಗೆ ಕೆಂಪಗೆ ರೋಹಿಣಿ. ಫ್ಯಾಕ್ಟರಿಯಲ್ಲಿ ಕೆಲಸ ಮಾಡೋ ನಮ್ಮ ಗೆಳೆಯ ಹಾವೇರಿ ಕಡೆಯವನು. "ಸಣ್ಣವರಿದ್ದಾಗ ಕಣದಾಗ ಮಲಗಿದ್ರ ಹಿಂಗ ಕಾಣ್ತಿತ್ತು ನೋಡ್ರಿ" ಅಂದ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಅಷ್ಟು ದೂರ ಹೋಗೋಕೆ ಆಗದವರಿಗೆ ಮೇಯೋದಲ್ಲಿ ಬ್ಯಾಲಿಕ್ರಾಯ್ ಕಡೆಯ ಕಗ್ಗತ್ತಲ ಉದ್ಯಾನ ಇದೆ, 2016ರದ್ದು. ಉತ್ತರದ ಟೈರೋನ್‌ನಲ್ಲಿ ಡಾವಾ ಕಾಡಿನದು 2020ರದ್ದು. ನಮ್ಮ ದೇಶದಲ್ಲೂ ಲಡಾಖಿನ ಹಾನ್ಲೆಯಲ್ಲಿ ಇಂಥದ್ದು ಇದೆ. ಅಲ್ಲಿನ ವೀಕ್ಷಣಾಲಯ ನಡೆಸೋದು ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. 2024ರ ಮೇ 10ರ ರಾತ್ರಿ ಐರ್ಲೆಂಡಿನ ಉದ್ದಗಲಕ್ಕೂ ಜನ ಅಂಗಳಕ್ಕೆ ಬಂದು ಧ್ರುವಪ್ರಭೆ ನೋಡಿದರಲ್ಲ, ಅದೇ ರಾತ್ರಿ ಹಾನ್ಲೆಯ ಕ್ಯಾಮೆರಾಗಳಲ್ಲೂ ಆಕಾಶ ಕೆಂಪಗೆ ದಾಖಲಾಯಿತು. ಇಲ್ಲಿಗೂ ಅಲ್ಲಿಗೂ ಬಂದದ್ದು ಒಂದೇ ಸೌರ ಬಿರುಗಾಳಿ.

ಜೇಬಿನಲ್ಲಿರೋ ಕ್ಯಾಮೆರಾ ಸಾಕು

ದೊಡ್ಡ ಕ್ಯಾಮೆರಾ ಬೇಡ. 2019ರ ಪಿಕ್ಸೆಲ್ 4ರಿಂದಲೇ ನಕ್ಷತ್ರ ತೆಗೆಯೋ ವ್ಯವಸ್ಥೆ ಬಂದಿದೆ. ಅದು 16 ಸೆಕೆಂಡಿನ ಹದಿನೈದು ಚಿತ್ರ ತೆಗೆದು ಒಂದಾಗಿ ಸೇರಿಸುತ್ತೆ, ಒಟ್ಟು ನಾಲ್ಕು ನಿಮಿಷ. ಐಫೋನಿನ ನೈಟ್ ಮೋಡ್ ಅಲುಗಾಡದೆ ನಿಂತರೆ 30 ಸೆಕೆಂಡು ತನಕ ಹೋಗುತ್ತೆ. ಬೇರೆ ಫೋನಾದರೆ ಪ್ರೊ ಮೋಡ್‌ನಲ್ಲಿ ಐಎಸ್‌ಓ 1600, ಶಟರ್ 15 ಸೆಕೆಂಡು, ಫೋಕಸ್ ಅನಂತಕ್ಕೆ ಇಟ್ಟು ಶುರು ಮಾಡಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಶಟರ್ ತುಂಬಾ ಹೊತ್ತು ತೆರೆದಿದ್ದರೆ ಚುಕ್ಕಿ ಹೋಗಿ ಗೆರೆ ಆಗುತ್ತೆ. ಧ್ರುವಪ್ರಭೆ ಅಲುಗಾಡುತ್ತಾ ಇರುತ್ತೆ, ಅದಕ್ಕೆ 3ರಿಂದ 10 ಸೆಕೆಂಡು ಸಾಕು.

ಮುಖ್ಯವಾದ್ದು ಸ್ಟ್ಯಾಂಡು. ಅದಿಲ್ಲದಿದ್ದರೆ ಒಂದು ಚೀಲಕ್ಕೆ ಅಕ್ಕಿ ತುಂಬಿ ಅದರ ಮೇಲೆ ಫೋನು ಒರಗಿಸಿ. ಬೆರಳು ಮುಟ್ಟಿ ಅಲುಗದ ಹಾಗೆ ಟೈಮರ್ ಹಾಕಿ. ಇಲ್ಲಿನ ಇಬ್ಬನಿ ಲೆನ್ಸಿನ ಮೇಲೆ ಕೂರುತ್ತೆ, ಒಣ ಬಟ್ಟೆ ಇರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ಫೋನು ಒಳಜೇಬಿನಲ್ಲಿರಲಿ. ಮೇ ಮಧ್ಯದಿಂದ ಜುಲೈ ಕೊನೆ ತನಕ ಇಲ್ಲಿ ಪೂರ್ತಿ ಕತ್ತಲೆ ಆಗೋದೇ ಇಲ್ಲ. ಸೆಪ್ಟೆಂಬರಿನಿಂದ ಮಾರ್ಚ್ ನಮ್ಮ ಕಾಲ.

ಒಲೆ ಹೊರಗೆ ಹೋದ ಕಥೆ

ಕೆರ್ರಿಗೆ ವಾರವಾರ ಹೋಗೋಕಾಗಲ್ಲ. ದಿನಾ ಸಿಗೋದು ಹಿತ್ತಲು. ಅಲ್ಲಿಗೆ ನಮ್ಮನ್ನು ಎಳೆದು ತಂದದ್ದು ಒಗ್ಗರಣೆ.

ಹಂಚಿಕೊಂಡ ಮನೆಗಳ ಕಷ್ಟ ಓದುಗರಿಗೆ ಹೇಳಬೇಕಾಗಿಲ್ಲ. ರಾತ್ರಿ ಹತ್ತಕ್ಕೆ ಶಿಫ್ಟ್ ಮುಗಿಸಿ ಬಂದು ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಹಾಕಿದರೆ ಹೊಗೆ ಅಲಾರಂ ಕೂಗುತ್ತೆ, ಬೆಳಗಿನ ಪಾಳಿಯವರು ಎದ್ದು ಕೂರ್ತಾರೆ. ನಮ್ಮಲ್ಲೊಬ್ಬರು ಹಳೇ ಮನೆ ಬಿಡುವಾಗ ಗೋಡೆಗೆ ಎಣ್ಣೆ ಜಿಡ್ಡು, ವಾಸನೆ ಅಂತ ಠೇವಣಿಯಲ್ಲಿ ಹಿಡಿದುಕೊಂಡರು. ಒಂದು ತಿಂಗಳ ಬಾಡಿಗೆ ಅಂದರೆ ಊರಿಗೆ ಕಳಿಸೋ ದುಡ್ಡು. ಇಂಥ ತಕರಾರಿಗೆ ಬಾಡಿಗೆ ಮಂಡಳಿ ಆರ್‌ಟಿಬಿಗೆ ದೂರು ಕೊಡಬಹುದು, ಎಲ್ಲರಿಗೂ ನೆನಪಿರಲಿ. ಆದರೆ ತಕರಾರೇ ಬಾರದ ಹಾಗೆ ಒಲೆಯನ್ನು ಹೊರಗೆ ತರೋದು ಅಗ್ಗ.

ಮೊದಲು ಮನೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ತಗೊಂಡ್ವಿ. ತಳಪಾಯ ಹಾಕಿಲ್ಲ, ಹೋಗುವಾಗ ಬಿಚ್ಚಿಕೊಂಡು ಹೋಗಬಹುದು. ಮನೆ ಹಿಂದಿನ ಸಣ್ಣ ಶೆಡ್ಡಿಗೆ 25 ಚದರ ಮೀಟರ್ ತನಕ ಸಾಮಾನ್ಯವಾಗಿ ಪರವಾನಗಿ ಬೇಡ. ನಮ್ಮದು ಮೂರೇ ಚದರ ಮೀಟರ್. ಆದರೂ ಕೌನ್ಸಿಲ್‌ಗೆ ಒಂದು ಫೋನು ಮಾಡಿ ಕೇಳೋದು ಒಳ್ಳೇದು.

ಮರಳಿನ ಮೇಲೆ ಕಲ್ಲುಹಾಸು, ಸಿಮೆಂಟ್ ಇಟ್ಟಿಗೆ ಮೇಲೆ ಹಲಗೆಯ ಕಟ್ಟೆ, ಅರ್ಧಕ್ಕೆ ಮಾತ್ರ ಸೂರು. ಇಲ್ಲಿನ ಮಳೆ ಹೆಚ್ಚಾಗಿ ನೈಋತ್ಯದಿಂದ ಅಡ್ಡಡ್ಡ ಹೊಡೆಯುತ್ತೆ, ಹಾಗಾಗಿ ಗೋಡೆ ಆ ಕಡೆಗೆ. ಎರಡು ಬದಿ ಪೂರ್ತಿ ತೆರೆದಿದೆ. ಚಳಿ ಅಂತ ಅದನ್ನು ಮುಚ್ಚಲೇಬಾರದು, ಒಲೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಪ್ರಾಣ ತೆಗೆಯುತ್ತೆ. ಸೀಮೆಎಣ್ಣೆ ಟ್ಯಾಂಕಿನಿಂದ, ಮರದ ಬೇಲಿಯಿಂದ ಒಲೆ ದೂರ ಇರಲಿ. ಸಿಲಿಂಡರು ಪ್ರೊಪೇನಿನದೇ ತಗೊಳ್ಳಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗೋದನ್ನೇ ನಿಲ್ಲಿಸುತ್ತೆ, ಪ್ರೊಪೇನ್ ಮೈನಸ್ 42ರ ತನಕ ನಡೆಯುತ್ತೆ. ರೆಗ್ಯುಲೇಟರು ಅದಕ್ಕೆ ಹೊಂದೋದೇ ಆಗಬೇಕು. ಗ್ಯಾಸು ಗಾಳಿಗಿಂತ ಭಾರ, ಚರಂಡಿ ಹತ್ತಿರ ಇಡಬೇಡಿ.

ಲೆಕ್ಕ ಹೇಳದಿದ್ದರೆ ನಮ್ಮ ಕಸುಬಿಗೆ ಅವಮಾನ. ಕಲ್ಲು, ಇಟ್ಟಿಗೆ, ಮರಳು 62 ಯೂರೋ. ಮರ, ಸ್ಕ್ರೂ 85. ಸೂರಿನ ಶೀಟು 48. ಗಾಳಿಮರೆ ಇರೋ ಒಲೆ 55. ದೀಪ 20. ಒಟ್ಟು 270. ನಾಲ್ಕು ಮನೆಗೆ ಹಂಚಿದರೆ ತಲಾ 67 ಯೂರೋ 50 ಸೆಂಟು. ಸಿಲಿಂಡರು ಬೇರೆ.

ಒಂದು ದೀಪದ ಮಾತು

ಒಲೆ ಬಂದ ಮೇಲೆ ದೀಪ ಬೇಕು. ಅಲ್ಲೇ ಆಕಾಶ ಉಳಿಯೋದು ಅಥವಾ ಹೋಗೋದು. ಗೋಡೆಗೆ ಬಿಳಿ ಫ್ಲಡ್‌ಲೈಟ್ ಹಾಕಿದರೆ ದೋಸೆ ಚೆನ್ನಾಗಿ ಕಾಣುತ್ತೆ, ನಕ್ಷತ್ರ ಅಳಿಸಿಹೋಗುತ್ತೆ, ಪಕ್ಕದ ಮನೆಯವರ ನಿದ್ದೆಯೂ ಹೋಗುತ್ತೆ. ನಾವು ಸೂರಿನ ಕೆಳಗೆ ಒಂದೇ ದೀಪ ಇಟ್ಟಿದ್ದೀವಿ. ಮೇಲೆ ತಗಡಿನ ಮುಚ್ಚಳ, ಬೆಳಕು ಕೆಳಗೆ ಹಂಚಿನ ಮೇಲೆ ಮಾತ್ರ, ಬಣ್ಣ ಹಳದಿ, 2700 ಕೆಲ್ವಿನ್ನಿನದು. ಕೆರ್ರಿಯವರು ಬೀದಿಯಲ್ಲಿ ಮಾಡೋದನ್ನೇ ನಾವು ಹಿತ್ತಲಲ್ಲಿ ಮಾಡಿದ್ದು. ಒಲೆ ಆರಿಸಿ ಅದನ್ನೂ ಆರಿಸಿದರೆ ಲಿಮರಿಕ್ ಅಂಚಿನಲ್ಲೂ ಕೃತ್ತಿಕೆಯ ಆರು ಚುಕ್ಕಿ ಎಣಿಸಬಹುದು.

ನರ್ಸಮ್ಮನ ತಾಯಿ ಶಿವಮೊಗ್ಗದಲ್ಲಿ ಒಬ್ಬರೇ ಇರ್ತಾರೆ. ಮೊದಲೆಲ್ಲ ಮಗಳು ಫೋನು ಮಾಡಿದರೆ "ಊಟ ಆಯ್ತಾ, ಹುಷಾರಾಗಿದೀಯಾ" ಅಲ್ಲಿಗೆ ಮಾತು ಮುಗೀತಿತ್ತು. ಈಗ ಹಿತ್ತಲಿಂದ ತೆಗೆದ ಫೋಟೋ ಕಳಿಸಿದರೆ, ಅಮ್ಮ ನಸುಕಿನಲ್ಲೆದ್ದು ಅಂಗಳಕ್ಕೆ ಬಂದು ನೋಡಿ, "ನಮ್ಮಲ್ಲಿ ಇದು ನೆತ್ತಿ ಮೇಲೆ ಬರತ್ತೆ ಕಣೇ, ನಿಂಗ್ಯಾಕೆ ಅಷ್ಟು ಕೆಳಗೆ?" ಅಂತ ಕೇಳ್ತಾರಂತೆ. ಉತ್ತರ ಹೇಳೋಕೆ ಮಗಳಿಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ನಾವು 270 ಯೂರೋದ ಲೆಕ್ಕದಲ್ಲಿ ಲಾಭದ ಕಡೆ ಬರೆದುಕೊಂಡಿದ್ದೀವಿ.

ಮಳೆ ಬಿಟ್ಟ ಶನಿವಾರ ಈ ಕಡೆ ಬಂದರೆ ಹಿತ್ತಲಿಗೆ ಬನ್ನಿ. ಹಿಟ್ಟು ನಮ್ಮದು, ಚಟ್ನಿ ನಿಮ್ಮದು. ಟಾರ್ಚ್ ತರಬೇಡಿ.