ಬೀಳ್ಕೊಡುವ ಹಾಡಿಗೆ ಮದುವೆಯ ಕುಣಿತ

ಕೆಲಸ ಬಿಡುತ್ತೇನೆಂದು ಧಣಿಗೆ ಹೇಳಲು ಜನ ಏನೇನೋ ಉಪಾಯ ಹುಡುಕುತ್ತಾರೆ. ಒಬ್ಬರು ಅಮ್ಮನಿಗೆ ಹುಷಾರಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಊರಲ್ಲಿ ತೋಟ ನೋಡುವವರಿಲ್ಲ ಎನ್ನುತ್ತಾರೆ. ಅಷ್ಟೂ ಧೈರ್ಯ ಸಾಲದವರು ಹಬ್ಬಕ್ಕೆಂದು ರಜೆ ಹಾಕಿ ಹೋಗಿ ಮತ್ತೆ ಮುಖ ತೋರಿಸುವುದಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1973ರಲ್ಲಿ ಇಪ್ಪತ್ತೇಳರ ಹೆಣ್ಣುಮಗಳೊಬ್ಬಳು ಇದಕ್ಕಾಗಿ ಒಂದು ಹಾಡನ್ನೇ ಬರೆದಳು. ಬರೆದು ಮನೆಯಲ್ಲಿಟ್ಟುಕೊಳ್ಳಲಿಲ್ಲ. ಧಣಿಯ ಆಫೀಸಿಗೆ ಹೋಗಿ, ಅವನನ್ನು ಕೂರಿಸಿ, ಎದುರಿಗೇ ಹಾಡಿದಳು. ಧಣಿ ಅತ್ತುಬಿಟ್ಟ. ನೀನು ಬರೆದದ್ದರಲ್ಲೆಲ್ಲ ಇದೇ ಚೆಂದದ್ದು, ಹೋಗು, ಆದರೆ ಈ ರೆಕಾರ್ಡನ್ನು ಮಾತ್ರ ನಾನೇ ಮಾಡಿಸಬೇಕು ಎಂದ. ಅಳುವಿನ ನಡುವೆಯೂ ವ್ಯವಹಾರ ಮರೆಯದ ಮನುಷ್ಯ. ನನಗೆ ಅವನ ಮೇಲೆ ಸ್ವಲ್ಪ ಪ್ರೀತಿಯೇ ಇದೆ.

ಹಾಡು ‘ಐ ವಿಲ್ ಆಲ್ವೇಸ್ ಲವ್ ಯು’. ಬರೆದವಳು ಡಾಲಿ ಪಾರ್ಟನ್, ಅತ್ತವನು ಪೋರ್ಟರ್ ವ್ಯಾಗನರ್. ಜಗತ್ತಿನ ಅರ್ಧ ಪ್ರೇಮಿಗಳು ತಮ್ಮದೆಂದುಕೊಂಡ ಹಾಡು ಹುಟ್ಟಿದ್ದು ಒಂದು ರಾಜೀನಾಮೆಯ ಸಂದರ್ಭದಲ್ಲಿ.

ಡಾಲಿ ಟೆನೆಸಿಯ ಬೆಟ್ಟಸೀಮೆಯವಳು. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವಳು. ಗೇಣಿ ಮಾಡುತ್ತಿದ್ದ ಅಪ್ಪನಿಗೆ ಓದುಬರಹ ಬರುತ್ತಿರಲಿಲ್ಲ. ಅವಳ ಹೆರಿಗೆ ಮಾಡಿಸಿದ ಡಾಕ್ಟರಿಗೆ ಅವನು ಕೊಟ್ಟ ಫೀಸು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. 1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ಅವಳು ನ್ಯಾಶ್‌ವಿಲ್ ಬಸ್ಸು ಹತ್ತಿದಳು. ಪೋರ್ಟರ್ ವ್ಯಾಗನರ್ ಆಗಲೇ ಟಿವಿಯ ದೊಡ್ಡ ಹೆಸರು. ಮಿಣಮಿಣ ಕಸೂತಿಯ ಸೂಟು ಹಾಕಿಕೊಂಡು ಪ್ರತಿ ವಾರ ಕಂಟ್ರಿ ಸಂಗೀತದ ಕಾರ್ಯಕ್ರಮ ನಡೆಸುತ್ತಿದ್ದ. 1967ರಲ್ಲಿ ಅವನ ಜೊತೆಗಾತಿ ಗಾಯಕಿ ನಾರ್ಮಾ ಜೀನ್ ಬಿಟ್ಟುಹೋದಾಗ ಆ ಜಾಗಕ್ಕೆ ಡಾಲಿಯನ್ನು ತಂದ. ಮೊದಮೊದಲು ಸಭಿಕರು ಹಳೆಯವಳ ಹೆಸರು ಕೂಗಿ ಇವಳನ್ನು ಕಂಗೆಡಿಸಿದರಂತೆ. ಪೋರ್ಟರ್ ಪಕ್ಕದಲ್ಲಿ ನಿಂತು ಯುಗಳ ಹಾಡಿದ, ದಾರಿ ಮಾಡಿಕೊಟ್ಟ, ರೆಕಾರ್ಡ್ ಕಂಪನಿಗೆ ಸೇರಿಸಿದ. ಐದು ವರ್ಷ ಇರುತ್ತೇನೆ ಎಂದು ಬಂದವಳು ಏಳು ವರ್ಷ ಇದ್ದಳು. ಅಷ್ಟರಲ್ಲಿ ಅವಳ ಹಾಡುಗಳು ಅವನ ವೇದಿಕೆಗಿಂತ ದೊಡ್ಡವಾಗಿದ್ದವು. ಹೋಗುತ್ತೇನೆ ಎಂದಾಗಲೆಲ್ಲ ಜಗಳ. ಮಾತು ಹತ್ತದ ಕಡೆ ಅವಳು ಹಾಡು ಹಿಡಿದಳು.

ಆ ಹಾಡಿನಲ್ಲಿ ಸಿಟ್ಟಿಲ್ಲ. ನಾನಿಲ್ಲಿ ಉಳಿದರೆ ನಿನ್ನ ಕಾಲಿಗೆ ತೊಡರು, ಅದಕ್ಕೇ ಹೊರಟೆ, ಚೆನ್ನಾಗಿರು ಎಂಬಷ್ಟೇ ಅದರ ತಿರುಳು. 1973ರ ಜೂನ್‌ನಲ್ಲಿ ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೋ ‘ಬಿ’ಯಲ್ಲಿ ಅದು ಮುದ್ರಣವಾಯಿತು. ಕೊನೆಯ ಚರಣವನ್ನು ಡಾಲಿ ಹಾಡುವುದಿಲ್ಲ, ಬಾಗಿಲ ಹತ್ತಿರ ನಿಂತವಳಂತೆ ಮೆಲ್ಲಗೆ ಆಡುತ್ತಾಳೆ. 1974ರಲ್ಲಿ ಬಿಡುಗಡೆಯಾಗಿ ಕಂಟ್ರಿ ಪಟ್ಟಿಯ ತುದಿಗೆ ಹೋಯಿತು. ಅವಳೂ ಹೋದಳು. ಐದು ವರ್ಷ ಕಳೆದು, 1979ರಲ್ಲಿ, ಅದೇ ಪೋರ್ಟರ್ ಅವಳ ಮೇಲೆ 30 ಲಕ್ಷ ಡಾಲರಿನ ದಾವೆ ಹೂಡಿದ. ಕಣ್ಣೀರು ಒಣಗಿದ ಮೇಲೆ ಲೆಕ್ಕದ ಪುಸ್ತಕ ತೆರೆದಿರಬೇಕು. ಕೊನೆಗೆ ಕೋರ್ಟಿನ ಹೊರಗೆ ರಾಜಿಯಾಯಿತು.

ಬಿಡುಗಡೆಯಾದ ಹೊಸತರಲ್ಲೇ ಇನ್ನೊಂದು ಪ್ರಸಂಗ. ಎಲ್ವಿಸ್ ಪ್ರೀಸ್ಲಿ ಈ ಹಾಡನ್ನು ಹಾಡಬೇಕೆಂದುಕೊಂಡ. ಡಾಲಿ ಹಿಗ್ಗಿ ಊರಿಗೆಲ್ಲ ಹೇಳಿಕೊಂಡಳು. ಮುದ್ರಣದ ಹಿಂದಿನ ಸಂಜೆ ಎಲ್ವಿಸ್‌ನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಫೋನು ಮಾಡಿದ: ಎಲ್ವಿಸ್ ಹಾಡಬೇಕಾದರೆ ಹಾಡಿನ ಹಕ್ಕಿನಲ್ಲಿ ಅರ್ಧ ನಮಗೆ ಬರಬೇಕು, ಇದು ನಮ್ಮ ಪದ್ಧತಿ. ಕಾನೂನು ನೋಡಿದರೆ ಅವರಿಗೆ ಅವಳ ಒಪ್ಪಿಗೆ ಬೇಕಿರಲೇ ಇಲ್ಲ. ಒಮ್ಮೆ ರೆಕಾರ್ಡಾಗಿ ಹೊರಬಂದ ಹಾಡನ್ನು ಯಾರು ಬೇಕಾದರೂ ಮತ್ತೆ ಹಾಡಿ ಮಾರಬಹುದು, ಬರೆದವರಿಗೆ ಗೊತ್ತುಪಡಿಸಿದ ದರ ಕೊಟ್ಟರಾಯಿತು ಎಂಬ ಕಾಯ್ದೆ ಅಮೆರಿಕದಲ್ಲಿ 1909ರಿಂದಲೇ ಇದೆ. ಆ ದೇಶದಲ್ಲಿ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದು ಇಷ್ಟು ಬೆಳೆದದ್ದೂ ಅದರಿಂದಲೇ. 1974ರಲ್ಲಿ ದರ ಪ್ರತಿಯೊಂದಕ್ಕೆ 2 ಸೆಂಟ್. ಕರ್ನಲ್ ಕೇಳಿದ್ದು ಆ ಎರಡರಲ್ಲಿ ಒಂದನ್ನು. ಡಾಲಿ ಆಗುವುದಿಲ್ಲ ಎಂದಳು. ಎಂದು, ರಾತ್ರಿಯಿಡೀ ಅತ್ತಳಂತೆ. ಎಲ್ವಿಸ್ ಹಾಡಲಿಲ್ಲ. ಈ ‘ಇಲ್ಲ’ವನ್ನೂ ಆ ಹಾಡಿನದೇ ಒಂದು ಚರಣವೆಂದು ನಾನು ಎಣಿಸುತ್ತೇನೆ. ಪ್ರೀತಿ ಇದೆ, ಗೌರವ ಇದೆ, ಆದರೆ ನನ್ನದನ್ನು ಬಿಟ್ಟುಕೊಡಲಾರೆ.

ನನಗೆ ಹಾಡು ಸಿಕ್ಕಿದ್ದು ಬಾಲದ ಕಡೆಯಿಂದ. ತೊಂಬತ್ತರ ದಶಕದಲ್ಲಿ ನಾನು ಮಂಗಳೂರಿನಲ್ಲಿ ಕಾಲೇಜು ಓದುತ್ತ, ಕ್ರಿಶ್ಚಿಯನ್ ಮದುವೆಗಳ ಬ್ಯಾಂಡೊಂದರಲ್ಲಿ ಕೀಬೋರ್ಡ್ ಬಾರಿಸುತ್ತಿದ್ದೆ. ಬ್ಯಾಂಡಿನ ಯಜಮಾನರನ್ನು ನಾವೆಲ್ಲ ಮಾಸ್ಟ್ರು ಎನ್ನುತ್ತಿದ್ದೆವು. ಸ್ಯಾಕ್ಸೋಫೋನ್ ಅವರದು. ಕರಾವಳಿಯ ಕಥೋಲಿಕ ಮನೆಗಳಲ್ಲಿ ಕಂಟ್ರಿ ಹಾಡು ಹೊರಗಿನ ಸರಕಲ್ಲ. ಜಿಮ್ ರೀವ್ಸ್ 1964ರಲ್ಲೇ ನ್ಯಾಶ್‌ವಿಲ್ ಬಳಿ ವಿಮಾನ ಬಿದ್ದು ತೀರಿಕೊಂಡವನು. ನಮ್ಮ ಕಡೆ ಅವನು ತೀರಿಕೊಂಡ ಸುದ್ದಿಯನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಂತಿರಲಿಲ್ಲ. ಪ್ರತಿ ರಿಸೆಪ್ಷನ್ನಿನಲ್ಲೂ ಅವನಿಗೆ ಕರೆ ಇತ್ತು. ಅವನು ಹಾಡಿದ್ದೂ ಅದೇ ಸ್ಟುಡಿಯೋ ‘ಬಿ’ಯಲ್ಲಿ. ಮಾಸ್ಟ್ರ ಹತ್ತಿರ ಗಲ್ಫಿನಿಂದ ಅವರ ತಮ್ಮ ಕಳಿಸಿದ ಕ್ಯಾಸೆಟ್ಟುಗಳ ಪೆಟ್ಟಿಗೆಯಿತ್ತು. ಅದರಲ್ಲಿ ಡಾಲಿಯ ಮೂಲ ಹಾಡೂ ಇತ್ತು, ಎಂದೋ ಕೇಳಿಸಿದ್ದರು. ಚೆಂದ ಎಂದು ಸುಮ್ಮನಾಗಿದ್ದೆವು.

ಆಮೇಲೆ ವಿಟ್ನಿ ಹ್ಯೂಸ್ಟನ್ ಬಂದಳು. 1992ರ ನವೆಂಬರಿನಲ್ಲಿ ಅವಳ ದನಿಯಲ್ಲಿ ಹೊರಬಂದ ಆ ಹಾಡು ಅಮೆರಿಕದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿ ಕೂತಿತು. ಮಂಗಳೂರಿನ ಹಾಲ್‌ಗಳಲ್ಲಿ ಮದುಮಕ್ಕಳ ಮೊದಲ ಡಾನ್ಸಿಗೆ ಬೇರೆ ಹಾಡೇ ಬೇಡವಾಯಿತು. ನಮ್ಮ ತಂಡದ ಗಾಯಕಿ ಇಗರ್ಜಿಯ ಗಾಯನವೃಂದದ ಹುಡುಗಿ, ಹಟದವಳು. ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೇ ಹಾಡುತ್ತೇನೆ ಎಂದಳು. ಅಲ್ಲಿ ಮೊದಲ ಮುಕ್ಕಾಲು ನಿಮಿಷ ಒಂದು ವಾದ್ಯವೂ ಇಲ್ಲ, ಬರೀ ಕಂಠ. ನಾವು ಕೈಕಟ್ಟಿ ಕೂತೆವು. ಅವಳು ಶುರು ಮಾಡಿದ್ದೇ ಬಡಿಸುವವರು ತಲೆ ಎತ್ತಿ ಫ್ಯಾನ್ ನೋಡಿದರು, ಮಿಕ್ಸರಿನ ಹುಡುಗ ವಯರುಗಳನ್ನು ಅಲುಗಾಡಿಸಿದ, ಕರೆಂಟು ಹೋಯಿತೆಂದುಕೊಂಡ ಒಬ್ಬ ಪುಣ್ಯಾತ್ಮ ಜನರೇಟರಿಗೆ ಓಡಿದ. ಎಂ.ಸಿ. ಮೈಕ್ ಎತ್ತಿ ಕ್ಷಮೆ ಕೇಳುವುದರಲ್ಲಿದ್ದರು. ಮಾಸ್ಟ್ರು ಕಣ್ಣಲ್ಲೇ ತಡೆದರು.

ರೆಕಾರ್ಡ್ ಕಂಪನಿಯ ದೊಡ್ಡವರಿಗೂ ಇದೇ ಭಯವಿತ್ತೆಂದು ಆಮೇಲೆ ಓದಿದೆ. ವಾದ್ಯವಿಲ್ಲದೆ ಶುರುವಾದರೆ ರೇಡಿಯೋದವರು ಹಾಕುವುದಿಲ್ಲ ಎಂದು ಅವರ ವಾದ. ಹಟ ಹಿಡಿದವನು ವಿಟ್ನಿ ಇದನ್ನು ಹಾಡಿದ ‘ದಿ ಬಾಡಿಗಾರ್ಡ್’ ಸಿನಿಮಾದ ನಾಯಕ ಕೆವಿನ್ ಕಾಸ್ಟ್ನರ್. ಹಾಡನ್ನು ತಂದವನೂ ಅವನೇ. ಮೊದಲು ಬೇರೊಂದು ಹಳೆಯ ಹಾಡು ನಿಗದಿಯಾಗಿತ್ತು. ಅಷ್ಟರಲ್ಲಿ ಅದು ಇನ್ನೊಂದು ಸಿನಿಮಾದಲ್ಲಿ ಬಂದುಬಿಟ್ಟಿತು. ಆಗ ಕಾಸ್ಟ್ನರ್ ಈ ಹಾಡನ್ನು ಸೂಚಿಸಿದ, ಅದೂ ಡಾಲಿಯ ದನಿಯಲ್ಲಲ್ಲ, ಲಿಂಡಾ ರಾನ್‌ಸ್ಟಾಟ್ 1975ರಲ್ಲಿ ಹಾಡಿದ್ದರಲ್ಲಿ. ರಾನ್‌ಸ್ಟಾಟ್ ಕೊನೆಯ ಚರಣ ಬಿಟ್ಟಿದ್ದಳು. ಸಂಗೀತ ಹೊಂದಿಸುತ್ತಿದ್ದ ಡೇವಿಡ್ ಫಾಸ್ಟರ್ ಅದನ್ನೇ ಪೂರ್ಣ ಹಾಡೆಂದು ಹಿಡಿದಿದ್ದ. ಡಾಲಿಗೆ ಫೋನು ಮಾಡಿದಾಗ, ಇನ್ನೊಂದು ಚರಣವಿದೆಯಲ್ಲ ಎಂದು ಅವಳೇ ಅದನ್ನು ಕೊಟ್ಟಳು. ಆ ಚರಣವಿಲ್ಲದಿದ್ದರೆ ಹರಸುವ ಭಾಗವೇ ಇಲ್ಲ, ಬರೀ ಹೊರಡುವುದಷ್ಟೇ ಉಳಿಯುತ್ತಿತ್ತು. ಸಿನಿಮಾದೊಳಗೆ ಇನ್ನೊಂದು ಕುಚೇಷ್ಟೆ ಇದೆ. ನಾಯಕ, ನಾಯಕಿ ಒಂದು ಬಾರಿನಲ್ಲಿ ಇದೇ ಹಾಡಿಗೆ ಕುಣಿಯುತ್ತಾರೆ, ಜಾನ್ ಡೋ ಎಂಬವನ ದನಿಯಲ್ಲಿ. ಎಂಥ ಅಳುಬುರುಕ ಹಾಡು ಇದು ಎಂದು ನಾಯಕಿ, ಅಂದರೆ ವಿಟ್ನಿಯೇ, ಅಲ್ಲಿ ನಗುತ್ತಾಳೆ.

ವಿಟ್ನಿಯ ಹಾಡಿನಲ್ಲಿ ಕೊನೆಗೊಂದು ಜಾಗ ಇದೆ. ಎಲ್ಲ ವಾದ್ಯ ನಿಂತು, ಕ್ಷಣ ತಡೆದು, ಡ್ರಮ್ಮಿನ ಒಂದೇ ಏಟು ಬಿದ್ದು, ಹಾಡು ಎ ಮೇಜರಿನಿಂದ ಬಿ ಮೇಜರಿಗೆ ನೆಗೆಯುತ್ತದೆ. ಕೀಬೋರ್ಡಿನವನಿಗೆ ಇದು ಕಷ್ಟವೇನಲ್ಲ. ಟ್ರಾನ್ಸ್‌ಪೋಸ್ ಗುಂಡಿ ಎರಡು ಸಲ ಒತ್ತಿದರೆ ಯಂತ್ರವೇ ಏರುತ್ತದೆ, ಬೆರಳು ಹಳೇ ಜಾಗದಲ್ಲೇ ಇರಬಹುದು. ಕಂಠಕ್ಕೆ ಗುಂಡಿ ಇಲ್ಲ. ನಮ್ಮ ಹುಡುಗಿ ಪಲ್ಲವಿಗೆ ಮುಂಚೆ ನನ್ನ ಕಡೆ ನೋಡುತ್ತಿದ್ದಳು. ತಲೆ ಅಲ್ಲಾಡಿಸಿದರೆ ಒತ್ತಬೇಡ ಎಂದು ಅರ್ಥ. ಬಹಳ ರಾತ್ರಿಗಳಲ್ಲಿ ಅಲ್ಲಾಡಿಸುತ್ತಿದ್ದಳು. ನನಗೇನೂ ಬೇಸರವಿರಲಿಲ್ಲ. ವಿಟ್ನಿ ಹಾಡಿದಂತೆ ಹಾಡುವವರು ಇನ್ನೊಬ್ಬರಿಲ್ಲ, ಒಪ್ಪಿದೆ. ಆದರೆ ಅದು ಶಿಖರದ ಮೇಲೆ ನಿಂತು ಲೋಕಕ್ಕೆಲ್ಲ ಕೇಳುವಂತೆ ಹೇಳುವ ವಿದಾಯ. ಡಾಲಿಯದು ಒಂದೇ ಕೋಣೆಯಲ್ಲಿ ಒಬ್ಬನಿಗೆ ಹೇಳಿದ್ದು. ಯಾವುದಾದರೂ ಒಂದು ಎಂದರೆ ನಾನು ಕೋಣೆಯ ಕಡೆ.

ಮಾಸ್ಟ್ರಿಗೆ ತಕರಾರಿದ್ದದ್ದು ಬೇರೆ ವಿಷಯಕ್ಕೆ. “ಇದು ಬಿಟ್ಟು ಹೋಗುವ ಹಾಡಲ್ವಾ ಮಾರಾಯ,” ಎನ್ನುತ್ತಿದ್ದರು. “ಈಗಷ್ಟೇ ಇಗರ್ಜಿಯಲ್ಲಿ ಸಾಯುವ ತನಕ ಜೊತೆ ಅಂತ ಹೇಳಿ ಬಂದವರಿಗೆ ಇದೆಂತದು?” ಹಾಗೆಂದು ಬಾರಿಸದೆ ಇದ್ದವರಲ್ಲ. ಒಂದು ಮದುವೆಯಲ್ಲಿ ಜೋಡಿ ನಡುವೆ ಕುಣಿಯುತ್ತಿರುವಾಗ ಮದುಮಗಳ ಅಪ್ಪ ಗೋಡೆಗೊರಗಿ ನಿಂತು ಎರಡೂ ಕೈಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಇನ್ನರ್ಧ ಗಂಟೆಯಲ್ಲಿ ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸಿಕೊಡುವ ಶಾಸ್ತ್ರವಿತ್ತು. ನಮ್ಮ ಎಲ್ಲ ಜಾತಿ ಮತಗಳ ಮದುವೆಯಲ್ಲೂ ಕೊನೆಗೊಂದು ಹೊತ್ತು ಬರುತ್ತದಲ್ಲ, ಅದುವರೆಗೆ ಊಟದ ಲೆಕ್ಕ ನೋಡುತ್ತಿದ್ದ ಗಂಡಸೂ ಕರಗುವ ಹೊತ್ತು. ಆ ಹೊತ್ತಿಗೆ ನಮ್ಮಲ್ಲಿ ಹೆಂಗಸರು ಹಾಡುವ ಹಾಡುಗಳ ಮಾತೂ ಇದೇ ತಾನೆ: ಹೋಗಿ ಬಾ, ಸುಖವಾಗಿರು. ಮಾಸ್ಟ್ರು ಆ ಅಪ್ಪನನ್ನು ನೋಡಿದರು, ಸ್ಯಾಕ್ಸೋಫೋನ್ ಬಾಯಿಗಿಟ್ಟು, ಇಲ್ಲದ ಒಂದು ಸುತ್ತು ಹೆಚ್ಚಿಗೆ ಊದಿದರು. ಆಮೇಲೆ ಆ ತಕರಾರು ಎತ್ತಲಿಲ್ಲ.

ಒಪ್ಪದ ಜಾಗಕ್ಕೂ ಹಾಡು ಹೋಗಿದೆ. ಇರಾಕಿನಲ್ಲಿ 2002ರಲ್ಲಿ ಸದ್ದಾಂ ಹುಸೇನ್ ಮುಂದುವರಿಯಬೇಕೇ ಬೇಡವೇ ಎಂದು ಜನಮತ ಕೇಳುವ ಶಾಸ್ತ್ರ ನಡೆದಾಗ ಪ್ರಚಾರಕ್ಕೆ ಇದೇ ಹಾಡನ್ನು ಬಳಸಿದರೆಂದು ಪತ್ರಿಕೆಗಳು ಬರೆದವು. ಹೊರಟುಹೋಗುವವಳ ಹಾಡನ್ನು ಕುರ್ಚಿ ಬಿಡದವನು ಆರಿಸಿಕೊಂಡದ್ದು! ನೂರಕ್ಕೆ ನೂರು ಮತ ಬಿತ್ತೆಂದು ಘೋಷಿಸಿದರು.

ನನಗೂ ಹೊರಡುವ ದಿನ ಬಂತು. ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಸಿ ಮೇಜರೂ ಗೊತ್ತಿಲ್ಲದವನನ್ನು ಕೂರಿಸಿ ಕಲಿಸಿ, ಮೊದಲ ಕೀಬೋರ್ಡಿಗೆ ಕೈಯಿಂದ ಸಾಲ ಕೊಟ್ಟವರು ಮಾಸ್ಟ್ರು. ಅವರ ಮನೆ ಜಗಲಿಯಲ್ಲಿ ಕೂತು ವಿಷಯ ಹೇಳಿದೆ, ಬರೀ ಮಾತಿನಲ್ಲಿ. ಅವರು ಅಳಲಿಲ್ಲ. ಕ್ಯಾಲೆಂಡರ್ ನೋಡಿದರು. “ಒಳ್ಳೆದಾಯ್ತು, ಹೋಗು. ಕ್ರಿಸ್ಮಸ್ ಕಳೆದು ತಪಸ್ಸಿನ ಕಾಲ ಶುರುವಾಗುವ ತನಕ ಬುಕ್ಕಿಂಗ್ ಉಂಟು. ಆ ಸೀಸನ್ ಮುಗಿಸಿ ಹೋಗು,” ಎಂದರು. ಪೋರ್ಟರ್ ವ್ಯಾಗನರನ ಷರತ್ತನ್ನು ಓದಿದಾಗ ನಾನು ಗಟ್ಟಿಯಾಗಿ ನಕ್ಕದ್ದು ಇದಕ್ಕೆ. ಬ್ಯಾಂಕಿನಿಂದ ಸೇರುವ ದಿನಾಂಕ ಮುಂದಕ್ಕೆ ಹಾಕಿಸಿಕೊಂಡೆ, ಸೀಸನ್ ಮುಗಿಸಿದೆ.

ಪೋರ್ಟರ್ ಮತ್ತು ಡಾಲಿ ಕಾಲಾಂತರದಲ್ಲಿ ಒಂದಾದರು. 2007ರಲ್ಲಿ ಕಂಟ್ರಿ ಸಂಗೀತದ ವೇದಿಕೆ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಅವನ ಐವತ್ತು ವರ್ಷದ ಸಂಭ್ರಮ ನಡೆದಾಗ ಅವಳು ಇದೇ ಹಾಡು ಹಾಡಿದಳು. ಆ ಅಕ್ಟೋಬರಿನಲ್ಲಿ ಅವನು ತೀರಿಕೊಂಡ. 2012ರ ಫೆಬ್ರವರಿಯಲ್ಲಿ ವಿಟ್ನಿ ಹೋದಳು. ನ್ಯೂಅರ್ಕಿನ ಚರ್ಚಿನಿಂದ ಶವಪೆಟ್ಟಿಗೆಯನ್ನು ಹೊರಗೆ ಹೊರುವಾಗ ಅವಳದೇ ದನಿಯಲ್ಲಿ ಈ ಹಾಡು ಕೇಳುತ್ತಿತ್ತು.

ಕೈಯಲ್ಲಿ ಉಳಿಸಿಕೊಂಡ ಆ ಒಂದು ಸೆಂಟ್ ಏನಾಯಿತೆಂದು ಹೇಳಬೇಕು. ಅಮೆರಿಕದಲ್ಲಿ ರೇಡಿಯೋದಲ್ಲಿ ಹಾಡು ಬಂದರೆ ಹಣ ಬರೆದವರಿಗೆ ಹೋಗುತ್ತದೆ, ಹಾಡಿದವರಿಗಲ್ಲ. ವಿಟ್ನಿಯ ದನಿ ಕೇಳಿದಾಗಲೆಲ್ಲ ಡಾಲಿಗೆ ಪಾಲು ಬಂತು. ಮೊದಲ ಸಲ ಕಾರಿನ ರೇಡಿಯೋದಲ್ಲಿ ಅದನ್ನು ಕೇಳಿದಾಗ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ ಎಂದು ಅವಳು ಹೇಳಿಕೊಂಡಿದ್ದಾಳೆ. ಬಂದ ಹಣದಲ್ಲಿ ಸ್ವಲ್ಪ ಹಾಕಿ ನ್ಯಾಶ್‌ವಿಲ್‌ನ ಕರಿಯರ ಬಡಾವಣೆಯೊಂದರಲ್ಲಿ ಕಟ್ಟಡ ಸಮುಚ್ಚಯ ಕೊಂಡಳು, ವಿಟ್ನಿಯನ್ನು ನೆನೆದರೆ ಅದೇ ಸರಿಯಾದ ಜಾಗ ಎಂದು. ನಮ್ಮ ದೇಶದಲ್ಲಿ ಸಿನಿಮಾ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿಯನ್ನು ಯಾರೂ ಬರೆಸಿಕೊಂಡು ಕಸಿಯುವಂತಿಲ್ಲ ಎಂಬ ತಿದ್ದುಪಡಿ ಬಂದದ್ದು 2012ರಲ್ಲಿ. ಅದಕ್ಕೆ ಮುಂಚಿನ ನಮ್ಮ ಎಷ್ಟೋ ಕವಿಗಳಿಗೆ ಕರ್ನಲ್ ಪಾರ್ಕರ್ ಅರ್ಧ ಕೇಳಿದ್ದನೆಂದರೆ, ಅರ್ಧವೇನಾ ಎಂದು ಆಶ್ಚರ್ಯವಾದೀತು.

ಊರಿಗೆ ಹೋದಾಗ ಇದನ್ನೆಲ್ಲ ಮಾಸ್ಟ್ರಿಗೆ ಹೇಳಿದೆ. ಡಿಜೆಗಳು ಬಂದಮೇಲೆ ಬ್ಯಾಂಡು ನಿಂತಿದೆ, ಸ್ಯಾಕ್ಸೋಫೋನ್ ಅಟ್ಟದಲ್ಲಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

“ಹಾಗಾದ್ರೆ ನಾವು ಇಷ್ಟು ವರ್ಷ ಬಾರಿಸಿದ್ದಕ್ಕೆ ಆ ಹೆಂಗಸಿಗೆ ದುಡ್ಡು ಕೊಡ್ಬೇಕಿತ್ತಾ?”

“ಇಲ್ಲ ಮಾಸ್ಟ್ರೆ, ನಮ್ಮ ಕಾಯ್ದೆಯಲ್ಲಿ ಮದುವೆ ಸಮಾರಂಭಕ್ಕೆ ವಿನಾಯಿತಿ ಉಂಟು.”

ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ಏನೋ ನೆನಪಾಗಿ, “ಕ್ರಿಸ್ಮಸ್ಸಿಗೆ ಕ್ಲಬ್ಬಲ್ಲಿ ಬಾರಿಸಿದ್ದು?” ಎಂದರು.

“ಅದಕ್ಕೆ ಇಲ್ಲ.”

“ಅದನ್ನು ನೀನು ಎಲ್ಲಿಯೂ ಬರೀಲಿಕ್ಕೆ ಹೋಗ್ಬೇಡ,” ಎಂದು ಒಳಗೆ ತಿರುಗಿ ಚಹಾಕ್ಕೆ ಹೇಳಿದರು.